ಕವಲು ಕಾಂಡವನ್ನು ಮೀರುವ ಬಗೆ: ಒಂದು ವಿಡಿಯೋ ಗೇಮ್, ಭರತೇಶ ವೈಭವ ಮತ್ತು ತಾಳಮದ್ದಳೆ

ಸ್ನಾತಕೋತ್ತರ ತರಗತಿಗಳಲ್ಲಿ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಪಾಠ ಮಾಡುವ ಅಧ್ಯಾಪಕರಿಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ, ಪಂಪನು ಕನ್ನಡದಲ್ಲಿ ಹೇಳಿ ಮುಗಿಸಿದ ಕಥೆಯನ್ನು ಆರು ಶತಮಾನಗಳ ಬಳಿಕ ಮೂಡುಬಿದಿರೆಯ ಕವಿಯೊಬ್ಬ ಮತ್ತೆ ಹೇಳಬೇಕಾದ ಅಗತ್ಯವೇನಿತ್ತು? ನಮ್ಮ ಸಾಹಿತ್ಯ ಚರಿತ್ರೆಗಳು ಇದಕ್ಕೆ ‘ಪ್ರತಿಭೆ’, ‘ಸ್ವೋಪಜ್ಞತೆ’, ‘ನವೀನತೆ’ ಎಂಬ ಮಾತುಗಳಲ್ಲಿ ಉತ್ತರ ಹೇಳುತ್ತ ಬಂದಿವೆ. ಈ ಮಾತುಗಳು ಸುಳ್ಳಲ್ಲ. ಆದರೆ ಅವು ಫಲವನ್ನು ಹೆಸರಿಸುತ್ತವೆಯೇ ಹೊರತು ಕ್ರಿಯೆಯನ್ನು ವಿವರಿಸುವುದಿಲ್ಲ. ಒಂದು ಕೃತಿಯಿಂದ ಹುಟ್ಟಿದ ಇನ್ನೊಂದು ಕೃತಿ ಮೂಲಕ್ಕಿಂತ ಉತ್ತಮವಾಯಿತು ಎನ್ನುವಾಗ ನಿಜವಾಗಿ ಏನು ನಡೆದಿರುತ್ತದೆ ಎಂಬುದು ಹಾಗೆಯೇ ಉಳಿಯುತ್ತದೆ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಸ್ವಲ್ಪ ದೂರದ ಒಂದು ಕ್ಷೇತ್ರದಿಂದ, ಎಂದರೆ ವಿಡಿಯೋ ಗೇಮಿನ ಚರಿತ್ರೆಯಿಂದ, ಪ್ರವೇಶಿಸುವ ಪ್ರಯತ್ನವಿದೆ. ಅಲ್ಲಿ ದೊರೆಯುವ ಒಂದು ನಿದರ್ಶನವು ಎಷ್ಟು ಚಿಕ್ಕದೂ ಸ್ಪಷ್ಟವೂ ಆಗಿದೆಯೆಂದರೆ, ಮೂಲದಲ್ಲಿ ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ಬೆರಳೆಣಿಸಿ ಹೇಳಬಹುದು. ಆ ನಿದರ್ಶನದಿಂದ ದೊರೆತ ಅಳತೆಗೋಲನ್ನು ಹಿಡಿದು ಮೂಡುಬಿದಿರೆಯ ಭರತೇಶ ವೈಭವವನ್ನೂ, ಬಂಟ್ವಾಳ ಬೆಳ್ತಂಗಡಿ ಪರಿಸರದ ತಾಳಮದ್ದಳೆಯನ್ನೂ ಪರಿಶೀಲಿಸಲಾಗಿದೆ.

೧. ‘ಕವಲುಕೃತಿ’ ಎಂಬ ಪರಿಕಲ್ಪನೆ

ಜನಪ್ರಿಯವಾದ ಒಂದು ಕೃತಿಯ ಲೋಕದಿಂದ ಒಂದು ಪಾತ್ರವನ್ನೋ, ಸನ್ನಿವೇಶವನ್ನೋ, ನಿಯಮವನ್ನೋ ಬೇರ್ಪಡಿಸಿ, ಅದನ್ನೇ ಕೇಂದ್ರವಾಗಿಸಿಕೊಂಡು ಸ್ವತಂತ್ರವಾಗಿ ಬೆಳೆಸಿದ ಕೃತಿಯನ್ನು ಚಲನಚಿತ್ರ, ದೂರದರ್ಶನ ಮತ್ತು ವಿಡಿಯೋ ಗೇಮಿನ ವಲಯಗಳಲ್ಲಿ ‘ಸ್ಪಿನ್-ಆಫ್’ ಎಂದು ಕರೆಯುವುದು ರೂಢಿ. ಇದು ಮುಂದುವರಿದ ಭಾಗವಲ್ಲ, ಅನುವಾದವಲ್ಲ, ಸಂಗ್ರಹವೂ ಅಲ್ಲ. ಮರದ ಕಾಂಡದಿಂದ ಕವಲೊಡೆದ ಕೊಂಬೆಯಂತೆ ಇದು ಅದೇ ರಸವನ್ನು ಹೀರಿಕೊಂಡು ಬೇರೆ ದಿಕ್ಕಿಗೆ ಬೆಳೆಯುತ್ತದೆ. ಆದ್ದರಿಂದ ಇಲ್ಲಿ ‘ಕವಲುಕೃತಿ’ ಎಂಬ ಮಾತನ್ನು ಬಳಸಲಾಗಿದೆ.

ಆಟಗಳಲ್ಲಿ ಕವಲೊಡೆಯುವುದು ನಮ್ಮ ಜನಪದಕ್ಕೆ ಹೊಸತಲ್ಲ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯನ್ನು ಹೊರತೆಗೆದಾಗ, ಅದೇ ಹದಿನಾಲ್ಕು ಗುಳಿಗಳ ಮೇಲೆ ಹಲವು ಬಗೆಯ ಆಟಗಳನ್ನು ಆಡುವ ಕ್ರಮವಿದೆ. ಮಣೆ ಒಂದೇ, ಕಾಯಿಗಳೂ ಅವೇ. ನಿಯಮದ ಒಂದು ಎಳೆ ಬದಲಾದೊಡನೆ ಆಟ ಬೇರೆಯಾಗುತ್ತದೆ. ಅವುಗಳಲ್ಲಿ ಯಾವುದು ಮೂಲ, ಯಾವುದು ಕವಲು ಎಂದು ಆಡುವವರು ತಲೆಕೆಡಿಸಿಕೊಳ್ಳುವುದಿಲ್ಲ. ಯಾವುದು ಹೆಚ್ಚು ಹೊತ್ತು ಹಿಡಿದು ಕೂರಿಸುತ್ತದೆ ಎಂಬುದಷ್ಟೇ ಅವರಿಗೆ ಮುಖ್ಯ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಸಮಸ್ಯೆಯನ್ನು ನೇರವಾಗಿ ಎದುರಿಸಿದವರಲ್ಲಿ ಆನಂದವರ್ಧನನು ಪ್ರಮುಖ. ಅವನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳ ನಡುವಿನ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತಹ ಸಾದೃಶ್ಯ ಮೊದಲನೆಯದು. ಚಿತ್ರದಲ್ಲಿ ಬರೆದ ಆಕೃತಿಯಂತಹುದು, ಎಂದರೆ ಆಲೇಖ್ಯ, ಎರಡನೆಯದು. ಇಬ್ಬರು ಮನುಷ್ಯರ ದೇಹಗಳ ನಡುವಿನ ಹೋಲಿಕೆಯಂತಹುದು, ಎಂದರೆ ತುಲ್ಯದೇಹಿ, ಮೂರನೆಯದು. ಮೊದಲ ಎರಡನ್ನು ಕವಿಯಾದವನು ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂಬುದು ಅವನ ನಿಲುವು. ಪ್ರತಿಬಿಂಬಕ್ಕೆ ತನ್ನದೇ ಆದ ಆತ್ಮವಿಲ್ಲ, ಚಿತ್ರಕ್ಕಿರುವುದು ಹುಸಿಯಾದ ಆತ್ಮ. ತುಲ್ಯದೇಹಿಯಲ್ಲಾದರೋ ಹೋಲಿಕೆ ಎಷ್ಟೇ ಇದ್ದರೂ ಆತ್ಮ ಬೇರೆಯೇ. ಕವಲುಕೃತಿಯ ವಿವೇಚನೆಗೆ ಇದಕ್ಕಿಂತ ಒಳ್ಳೆಯ ಆರಂಭಬಿಂದು ಇಲ್ಲ. ಆದರೆ ಈ ‘ಬೇರೆಯಾದ ಆತ್ಮ’ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ನಿದರ್ಶನಗಳಿಂದಲೇ ಕಂಡುಕೊಳ್ಳಬೇಕಾಗುತ್ತದೆ.

೨. ಪ್ಯಾಕ್-ಮ್ಯಾನ್‌ನಿಂದ ಮಿಸ್ ಪ್ಯಾಕ್-ಮ್ಯಾನ್‌ಗೆ

೧೯೮೦ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆ ‘ಪ್ಯಾಕ್-ಮ್ಯಾನ್’ ಎಂಬ ಆಟವನ್ನು ಹೊರತಂದಿತು. ತೋರು ಇವತಾನಿ ಅದರ ವಿನ್ಯಾಸಕಾರರು. ಅದೇ ವರ್ಷ ಮಿಡ್‌ವೇ ಸಂಸ್ಥೆಯ ಮೂಲಕ ಅದು ಅಮೆರಿಕವನ್ನು ತಲುಪಿತು. ಆಟದ ಸ್ವರೂಪ ಸರಳ. ಪರದೆಯ ಮೇಲೆ ಚಕ್ರವ್ಯೂಹದಂತಹ ಓಣಿಗಳ ಜಾಲವೊಂದಿದೆ. ಅದರಲ್ಲಿ ೨೪೦ ಸಣ್ಣ ಚುಕ್ಕೆಗಳು, ನಾಲ್ಕು ದೊಡ್ಡ ಚುಕ್ಕೆಗಳು. ಬಾಯಿ ತೆರೆದು ಮುಚ್ಚುವ ಹಳದಿ ಬಣ್ಣದ ದುಂಡು ಆಕೃತಿಯನ್ನು ಆಟಗಾರ ಓಡಿಸುತ್ತ ಎಲ್ಲ ಚುಕ್ಕೆಗಳನ್ನೂ ತಿನ್ನಿಸಬೇಕು. ನಾಲ್ಕು ಪ್ರೇತಗಳು ಅವನನ್ನು ಬೆನ್ನಟ್ಟುತ್ತವೆ. ದೊಡ್ಡ ಚುಕ್ಕೆಯನ್ನು ತಿಂದಾಗ ಮಾತ್ರ ಸ್ವಲ್ಪ ಹೊತ್ತು ಬೆನ್ನಟ್ಟುವವನೇ ಬೇಟೆಯಾಗುತ್ತಾನೆ.

ಈ ಆಟದ ಸೊಗಸು ಪ್ರೇತಗಳ ಸ್ವಭಾವಭೇದದಲ್ಲಿತ್ತು. ಒಂದು ನೇರವಾಗಿ ಬೆನ್ನಟ್ಟಿದರೆ, ಇನ್ನೊಂದು ಆಟಗಾರ ಹೋಗಲಿರುವ ದಾರಿಯನ್ನು ಊಹಿಸಿ ಅಡ್ಡಗಟ್ಟುತ್ತಿತ್ತು. ದೋಷವೂ ಅಲ್ಲಿಯೇ ಇತ್ತು. ಪ್ರೇತಗಳ ನಡೆ ಸಂಪೂರ್ಣವಾಗಿ ನಿಯತವಾಗಿದ್ದುದರಿಂದ, ಆಟಗಾರ ಒಂದೇ ಬಗೆಯಲ್ಲಿ ಚಲಿಸಿದರೆ ಅವೂ ಪ್ರತಿ ಸಲ ಒಂದೇ ಬಗೆಯಲ್ಲಿ ಚಲಿಸುತ್ತಿದ್ದವು. ಓಣಿಗಳ ಜಾಲವೂ ಮೊದಲಿನಿಂದ ಕೊನೆಯವರೆಗೆ ಒಂದೇ. ಹೀಗಾಗಿ ಗೆಲ್ಲುವ ದಾರಿಯನ್ನು ಕಂಠಪಾಠ ಮಾಡುವುದು ಸಾಧ್ಯವಾಯಿತು. ಆ ದಾರಿಗಳನ್ನು ನಕ್ಷೆ ಸಮೇತ ಮುದ್ರಿಸಿದ ಪುಸ್ತಕಗಳೂ ಬಂದವು. ಈ ಆಟದಲ್ಲಿ ಪಡೆಯಬಹುದಾದ ಗರಿಷ್ಠ ಅಂಕ ೩೩,೩೩,೩೬೦ ಎಂದು ಲೆಕ್ಕಹಾಕಿ ಹೇಳಲು ಬರುತ್ತದೆ. ನಕ್ಷೆಯನ್ನು ಬಲ್ಲವನಿಗೆ ಅದು ಆಟವಾಗಿ ಉಳಿಯದೆ ಪಾರಾಯಣವಾಯಿತು.

ಇದನ್ನು ಗಮನಿಸಿದವರು ಅಮೆರಿಕದ ಮ್ಯಾಸಚೂಸೆಟ್ಸಿನ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಸಣ್ಣ ಸಂಸ್ಥೆಯ ತರುಣರು. ಇತರರು ತಯಾರಿಸಿದ ಆಟದ ಯಂತ್ರಗಳಿಗೆ ಹೆಚ್ಚುವರಿ ಫಲಕವೊಂದನ್ನು ಜೋಡಿಸಿ, ಆಟವನ್ನು ಕಠಿಣಗೊಳಿಸುವುದು ಅವರ ಉದ್ಯೋಗವಾಗಿತ್ತು. ಇದೇ ಕಾರಣಕ್ಕೆ ಅಟಾರಿ ಸಂಸ್ಥೆ ಅವರ ಮೇಲೆ ಮೊಕದ್ದಮೆ ಹೂಡಿತು. ೧೯೮೧ರಲ್ಲಿ ಆದ ರಾಜಿಯಂತೆ, ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಇಂತಹ ಜೋಡಣೆಗಳನ್ನು ಮಾರುವುದಿಲ್ಲವೆಂದು ಅವರು ಒಪ್ಪಿಕೊಂಡರು. ಹೀಗಾಗಿ ಪ್ಯಾಕ್-ಮ್ಯಾನ್ ಆಧರಿಸಿ ತಾವು ಸಿದ್ಧಪಡಿಸಿದ್ದ ‘ಕ್ರೇಜಿ ಆಟೊ’ ಎಂಬ ಆಟವನ್ನು ಹಿಡಿದು ಅವರು ಮಿಡ್‌ವೇ ಸಂಸ್ಥೆಯ ಬಳಿಗೇ ಹೋದರು. ೧೯೮೨ರಲ್ಲಿ ಅದು ‘ಮಿಸ್ ಪ್ಯಾಕ್-ಮ್ಯಾನ್’ ಎಂಬ ಹೆಸರಿನಿಂದ ಹೊರಬಂತು.

ಇಲ್ಲಿ ಆದ ಬದಲಾವಣೆಗಳು ಕೆಲವೇ. ಒಂದು ಓಣಿಜಾಲದ ಬದಲು ನಾಲ್ಕು ಬಂದವು. ಒಂದೇ ಕಡೆ ನಿಲ್ಲುತ್ತಿದ್ದ ಹಣ್ಣು ಓಣಿಗಳಲ್ಲಿ ಅಲೆದಾಡತೊಡಗಿತು. ಕೆಲವು ಪ್ರೇತಗಳ ಆರಂಭದ ನಡೆಯಲ್ಲಿ ಯಾದೃಚ್ಛಿಕತೆಯನ್ನು ಬೆರೆಸಲಾಯಿತು. ದುಂಡು ಆಕೃತಿಯ ತಲೆಗೊಂದು ರಿಬ್ಬನ್ ಬಂತು. ಉಳಿದದ್ದೆಲ್ಲ ಮೂಲದಂತೆಯೇ: ಚುಕ್ಕೆಗಳನ್ನು ತಿನ್ನುವುದು, ನಾಲ್ಕು ಪ್ರೇತಗಳು, ನಾಲ್ಕು ದೊಡ್ಡ ಚುಕ್ಕೆಗಳು. ಆದರೂ ಕವಲು ಕಾಂಡಕ್ಕಿಂತ ಉತ್ತಮವಾದುದಕ್ಕೆ ಇದು ಉತ್ತಮ ನಿದರ್ಶನವೆಂದು ಆಟಗಾರರೂ ವಿಮರ್ಶಕರೂ ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ರಿಬ್ಬನ್ನಿನಿಂದ ಈ ಮೇಲ್ಮೆ ಬಂದದ್ದಲ್ಲ ಎಂಬುದು ಸ್ಪಷ್ಟ. ನಕ್ಷೆ ಕೆಲಸಕ್ಕೆ ಬಾರದಂತಾಯಿತು. ಆಟಗಾರ ಪ್ರತಿ ತಿರುವಿನಲ್ಲಿ ಹೊಸದಾಗಿ ನಿರ್ಧರಿಸಬೇಕಾಯಿತು. ಮೇಲ್ಮೆ ಇರುವುದು ಇಲ್ಲಿ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಅದೇ ಮನೆತನದಲ್ಲಿದೆ. ೧೯೮೩ರಲ್ಲಿ ಬಂದ ‘ಪ್ರೊಫೆಸರ್ ಪ್ಯಾಕ್-ಮ್ಯಾನ್’ ಒಂದು ರಸಪ್ರಶ್ನೆಯ ಆಟ. ಅದರಲ್ಲಿ ಹೆಸರು ಮತ್ತು ಆಕೃತಿ ಮಾತ್ರ ಉಳಿದು, ನಿಯಮ ಪೂರ್ತಿಯಾಗಿ ಬದಲಾಯಿತು. ಅದು ನೆಲೆಯೂರಲಿಲ್ಲ. ಆ ಕಾಲದಲ್ಲಿ ಹುಟ್ಟಿಕೊಂಡ ಅಸಂಖ್ಯ ನಕಲುಗಳಾದರೋ ನಿಯಮವನ್ನೂ ಬದಲಿಸಲಿಲ್ಲ, ದೋಷವನ್ನೂ ತಿದ್ದಲಿಲ್ಲ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ನಕಲುಗಳು ಪ್ರತಿಬಿಂಬ, ಪ್ರೊಫೆಸರ್ ಪ್ಯಾಕ್-ಮ್ಯಾನ್ ಆಲೇಖ್ಯ, ಮಿಸ್ ಪ್ಯಾಕ್-ಮ್ಯಾನ್ ತುಲ್ಯದೇಹಿ.

ಇದರಿಂದ ಒಂದು ಸೂತ್ರವನ್ನು ರೂಪಿಸಬಹುದು. ಕವಲುಕೃತಿಯು ಮೂಲದ ನಿಯಮಗಳನ್ನು ಗೌರವಿಸಿ ಉಳಿಸಿಕೊಂಡು, ಅಲ್ಲಿ ಕಂಠಪಾಠವಾಗಿಬಿಟ್ಟ ಒಂದು ಅಂಶವನ್ನು ಮತ್ತೆ ತೆರೆದ ಪ್ರಶ್ನೆಯನ್ನಾಗಿ ಮಾಡಿದಾಗ ಮೂಲವನ್ನು ಮೀರುತ್ತದೆ. ಹೊಸದನ್ನು ಸೇರಿಸುವುದು ಇಲ್ಲಿ ಗೌಣ. ಮುಚ್ಚಿಹೋದುದನ್ನು ತೆರೆಯುವುದು ಮುಖ್ಯ.

೩. ಮೂಡುಬಿದಿರೆ: ಸೋತವನ ಕಾವ್ಯ

ಈ ಸೂತ್ರವನ್ನು ಹಿಡಿದು ಭರತೇಶ ವೈಭವಕ್ಕೆ ಬರುವ ಮುನ್ನ, ಆ ಕಾವ್ಯ ಹುಟ್ಟಿದ ನೆಲವನ್ನು ಗಮನಿಸಬೇಕು. ಮೂಡುಬಿದಿರೆಗೆ ಹತ್ತಿರದ ಕಾರ್ಕಳದಲ್ಲಿ ೧೪೩೨ರಲ್ಲಿ ಬಾಹುಬಲಿಯ ಏಕಶಿಲಾ ಮೂರ್ತಿ ಪ್ರತಿಷ್ಠೆಯಾಯಿತು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ಅಜಿಲ ಅರಸರು ಇನ್ನೊಂದನ್ನು ನಿಲ್ಲಿಸಿದರು. ಅದೇ ತಾಲೂಕಿನ ಧರ್ಮಸ್ಥಳದಲ್ಲಿ ೧೯೮೨ರಲ್ಲಿ ಮತ್ತೊಂದು ಪ್ರತಿಷ್ಠೆಗೊಂಡಿತು. ಒಟ್ಟಿನಲ್ಲಿ ಈ ಪರಿಸರದ ಶಿಲೆಯೆಲ್ಲ ಬಾಹುಬಲಿಯ ಪಾಲಾಗಿದೆ. ‘ತ್ರಿಲೋಕ ಶತಕ’ವು ಕ್ರಿ.ಶ. ೧೫೫೭ರಲ್ಲಿ ರಚಿತವಾದುದರಿಂದ ರತ್ನಾಕರನ ಕಾಲ ನಮಗೆ ತಿಳಿದಿದೆ. ಕಾರ್ಕಳದ ಮೂರ್ತಿ ನಿಂತು ಆಗಲೇ ಒಂದು ಶತಮಾನ ಕಳೆದಿತ್ತು. ಕಾರ್ಕಳದ ಭೈರರಸರ ಆಶ್ರಯದ ನಂಟುಳ್ಳ ಕವಿ ಈ ಮೂರ್ತಿಯ ಮಹಿಮೆಯನ್ನು ಅರಿಯದವನಲ್ಲ. ಹೀಗಿದ್ದೂ ಅವನು ತನ್ನ ಮಹಾಕಾವ್ಯಕ್ಕೆ ನಾಯಕನಾಗಿ ಆರಿಸಿಕೊಂಡದ್ದು ಗೆದ್ದು ತೊರೆದ ತಮ್ಮನನ್ನಲ್ಲ, ಸೋತು ಆಳಿದ ಅಣ್ಣನನ್ನು.

ಮೂಲದಲ್ಲಿ ಭರತನ ಸ್ಥಾನವೇನು? ಜಿನಸೇನರ ‘ಪೂರ್ವಪುರಾಣ’ದಲ್ಲಾಗಲಿ, ಪಂಪನ ‘ಆದಿಪುರಾಣ’ದಲ್ಲಾಗಲಿ (ಕ್ರಿ.ಶ. ೯೪೧) ನಾಯಕ ಆದಿತೀರ್ಥಂಕರ. ಅವನ ಭವಾವಳಿ, ಪಂಚಕಲ್ಯಾಣಗಳು ಕಾವ್ಯದ ಕಾಂಡ. ಭರತ ಬಾಹುಬಲಿಯರ ಪ್ರಸಂಗ ಆ ಬಳಿಕ ಬರುತ್ತದೆ. ಅಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರರಲ್ಲಿಯೂ ಭರತ ಸೋಲುತ್ತಾನೆ. ಸೋತ ಕೋಪದಲ್ಲಿ ಚಕ್ರರತ್ನವನ್ನು ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಬಲಬಂದು ನಿಲ್ಲುತ್ತದೆ. ಗೆದ್ದ ಬಾಹುಬಲಿ ಗೆಲುವಿಗೇ ಹೇಸಿ ತಪಸ್ಸಿಗೆ ತೆರಳುತ್ತಾನೆ. ಈ ಪ್ರಸಂಗದಲ್ಲಿ ಪಂಪನ ಪ್ರತಿಭೆ ತುತ್ತತುದಿಗೇರಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪರಂಪರೆಯಲ್ಲಿ ಇದರ ಪರಿಣಾಮವೇನಾಯಿತು? ತ್ಯಾಗ ಬಾಹುಬಲಿಗೆ, ಭೋಗ ಭರತನಿಗೆ. ಔನ್ನತ್ಯ ಅವನಿಗೆ, ಅಹಂಕಾರ ಇವನಿಗೆ ಎಂಬ ಹಂಚಿಕೆ ಗಟ್ಟಿಯಾಯಿತು. ಕೇಳುಗನಿಗೆ ನಕ್ಷೆ ಬಾಯಿಪಾಠವಾಯಿತು.

ಮೂಲದಲ್ಲಿಯೇ ಈ ನಕ್ಷೆಗೆ ಒಗ್ಗದ ಒಂದು ಸಂಗತಿ ಇದೆ. ಬಾಹುಬಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನ ದೊರೆಯುವುದು ಭರತ ಬಂದು ಪೂಜಿಸಿದ ಮೇಲೆ. ಭರತನಿಗಾದರೋ, ಕನ್ನಡಿಯಲ್ಲಿ ನರೆಗೂದಲನ್ನು ಕಂಡು ದೀಕ್ಷೆವಹಿಸಿದೊಡನೆಯೇ ಅದು ಲಭಿಸುತ್ತದೆ. ಜೀವನವಿಡೀ ಭೋಗದಲ್ಲಿದ್ದವನಿಗೆ ಕ್ಷಣಮಾತ್ರದಲ್ಲಿ ದೊರೆತದ್ದು ಹೇಗೆ? ಪುರಾಣ ಈ ಸಂಗತಿಯನ್ನು ಹೇಳಿ ಮುಂದೆ ಹೋಗುತ್ತದೆ. ರತ್ನಾಕರ ಇಲ್ಲಿಯೇ ನಿಂತ. ಕ್ಷಣಮಾತ್ರದಲ್ಲಿ ದೊರೆತುದಾದರೆ ಅದಕ್ಕೆ ಸಿದ್ಧತೆ ಮೊದಲೇ ನಡೆದಿರಬೇಕು. ಅರಮನೆಯಲ್ಲಿಯೇ, ಸಿಂಹಾಸನದಲ್ಲಿಯೇ, ರಾಣಿವಾಸದಲ್ಲಿಯೇ ನಡೆದಿರಬೇಕು. ಭರತೇಶ ವೈಭವದ ಎಂಬತ್ತು ಸಂಧಿಗಳು, ಹತ್ತು ಸಾವಿರದಷ್ಟು ಸಾಂಗತ್ಯ ಪದ್ಯಗಳು ಈ ಒಂದು ಊಹೆಯ ವಿಸ್ತರಣೆ ಎಂದರೆ ತಪ್ಪಾಗಲಾರದು. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂಬ ಐದು ಭಾಗಗಳಲ್ಲಿ ಮೊದಲನೆಯದೇ ಭೋಗವಿಜಯವಾಗಿರುವುದು ಆಕಸ್ಮಿಕವಲ್ಲ. ಆಸ್ಥಾನ, ಊಟೋಪಚಾರ, ಸಂಗೀತ, ಸರಸಗಳ ವಿವರವಾದ ಚಿತ್ರಣದ ನಡುವೆಯೇ ಭರತ ಆತ್ಮಧ್ಯಾನಕ್ಕೆ ಸರಿಯುತ್ತಾನೆ, ಮತ್ತೆ ಸಂಸಾರಕ್ಕೆ ಮರಳುತ್ತಾನೆ. ಭೋಗ ಮತ್ತು ಯೋಗಗಳು ಅವನಲ್ಲಿ ಒಂದರ ಬಳಿಕ ಒಂದು ಬರುವ ಘಟ್ಟಗಳಲ್ಲ, ಒಂದೇ ದಿನಚರಿಯ ಎರಡು ಹೊತ್ತುಗಳು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ರತ್ನಾಕರ ಮೂಲದ ನಿಯಮಗಳನ್ನು ಎಲ್ಲಿಯೂ ಕಿತ್ತೊಗೆಯುವುದಿಲ್ಲ. ಚಕ್ರವರ್ತಿಯ ಹದಿನಾಲ್ಕು ರತ್ನಗಳು, ಒಂಬತ್ತು ನಿಧಿಗಳು, ತೊಂಬತ್ತಾರು ಸಾವಿರ ಮಡದಿಯರು, ಷಟ್ಖಂಡ ದಿಗ್ವಿಜಯ, ಕೊನೆಯಲ್ಲಿ ಮುಕ್ತಿ, ಎಲ್ಲವೂ ಇವೆ. ಬದಲಾದುದು ಮುಖ್ಯವಾಗಿ ಒಂದೆಡೆ. ಸೋದರರ ಸಂಧಿಯಲ್ಲಿ ಪರಂಪರೆಯ ಮೂರು ಯುದ್ಧಗಳು ನಡೆಯುವುದಿಲ್ಲ. ಭರತ ತಮ್ಮನೊಡನೆ ಮೃದುವಾಗಿ ಮಾತನಾಡುತ್ತಾನೆ, ಸೋಲನ್ನು ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ಆ ಮಾತಿಗೆ ಬಾಹುಬಲಿಯ ಮನಸ್ಸು ಕರಗಿ, ಅವನು ಪಶ್ಚಾತ್ತಾಪದಿಂದ ತಪಸ್ಸಿಗೆ ಹೊರಡುತ್ತಾನೆ. ಕಥೆಯ ಆರಂಭ ಅದೇ, ಅಂತ್ಯವೂ ಅದೇ. ನಡುವಿನ ದಾರಿಯಲ್ಲಿ ತೋಳಿನ ಬದಲು ಮಾತು ಕೆಲಸ ಮಾಡಿದೆ. ಹೀಗಾಗಿ ‘ಸೋತವನು ಸಣ್ಣವನು’ ಎಂಬ ಬಾಯಿಪಾಠ ಇಲ್ಲಿ ಸಾಗುವುದಿಲ್ಲ. ಸೋಲೊಪ್ಪುವುದು ದೌರ್ಬಲ್ಯವೋ, ಗೆಲುವಿಗಿಂತ ದೊಡ್ಡ ಸಾಮರ್ಥ್ಯವೋ ಎಂಬುದನ್ನು ಓದುಗ ತಾನೇ ನಿರ್ಧರಿಸಬೇಕಾಗುತ್ತದೆ.

ಛಂದಸ್ಸಿನ ಆಯ್ಕೆಯೂ ಇದೇ ದಿಕ್ಕಿನದು. ಚಂಪುವನ್ನು ಬಿಟ್ಟು ಹಾಡಲು ಬರುವ ಸಾಂಗತ್ಯವನ್ನು ಹಿಡಿದ ಕವಿ, ಕನ್ನಡಿಗರಷ್ಟೇ ಅಲ್ಲದೆ ತೆಲುಗರೂ ತುಳುವರೂ ತನ್ನ ಕೃತಿಯನ್ನು ಕೇಳಿ ಹಿಗ್ಗಬೇಕೆಂದು ಆಶಿಸುತ್ತಾನೆ. ಪಂಡಿತರ ಓದಿಗೆ ಸೀಮಿತವಾಗುತ್ತಿದ್ದ ಕಥೆ ಕೇಳುಗರ ನಡುವೆ ಮತ್ತೆ ತೆರೆದುಕೊಂಡಿತು. ಮೂಲದ ಕಾವಲುಗಾರರಿಗೆ ಇದು ರುಚಿಸಿತೇ? ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಬರುವ ಐತಿಹ್ಯದಂತೆ, ಕಾವ್ಯವನ್ನು ಆನೆಯ ಮೇಲೆ ಮೆರೆಸಬೇಕೆಂದಾಗ, ಅದರಲ್ಲಿ ಆಗಮಕ್ಕೆ ವಿರುದ್ಧವಾದ ಪದ್ಯಗಳಿವೆಯೆಂದು ಗುರುಪೀಠ ಅಡ್ಡಿಮಾಡಿತು, ಕವಿ ಮುನಿದು ಮತವನ್ನೇ ತೊರೆದ, ಆಮೇಲೆ ಮರಳಿದ. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಕವಲುಕೃತಿ ಎದುರಿಸುವ ಸಂಕಟವನ್ನು ಅದು ಸರಿಯಾಗಿಯೇ ಗ್ರಹಿಸಿದೆ. ಮೂಲವನ್ನು ಪೂರ್ತಿಯಾಗಿ ಬಿಟ್ಟವನ ಮೇಲೆ ಯಾರಿಗೂ ಕೋಪವಿಲ್ಲ. ಮೂಲದೊಳಗೇ ಇದ್ದು ಅದನ್ನು ತಿದ್ದಿದವನ ಮೇಲೆ ದಾವೆ ಹೂಡಲಾಗುತ್ತದೆ.

೪. ಬಂಟ್ವಾಳ, ಬೆಳ್ತಂಗಡಿ: ‘ಆಟ’ದಿಂದ ‘ಕೂಟ’ಕ್ಕೆ

ಯುದ್ಧದ ಜಾಗದಲ್ಲಿ ಮಾತನ್ನು ನಿಲ್ಲಿಸುವ ರತ್ನಾಕರನ ಈ ಕ್ರಮಕ್ಕೆ ಅದೇ ಪರಿಸರದ ಪ್ರದರ್ಶನ ಪರಂಪರೆಯಲ್ಲಿ ಒಂದು ಸಮಾನಾಂತರವಿದೆ. ದಕ್ಷಿಣ ಕನ್ನಡದ ಆಡುಮಾತಿನಲ್ಲಿ ‘ಆಟ’ ಎಂದರೆ ಯಕ್ಷಗಾನ ಬಯಲಾಟ. ‘ಕೂಟ’ ಎಂದರೆ ತಾಳಮದ್ದಳೆ. ಪತ್ತನಾಜೆಯಂದು, ಎಂದರೆ ತುಳು ಬೇಶ ತಿಂಗಳ ಹತ್ತನೆಯ ದಿನ, ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ಮಳೆಗಾಲದುದ್ದಕ್ಕೂ ಬಂಟ್ವಾಳ, ವಿಟ್ಲ, ಬೆಳ್ತಂಗಡಿ, ಉಜಿರೆಗಳ ಆಸುಪಾಸಿನ ಮನೆಯ ಚಾವಡಿಗಳಲ್ಲಿ, ದೇವಸ್ಥಾನಗಳಲ್ಲಿ, ಸಭಾಭವನಗಳಲ್ಲಿ ಕೂಟಗಳು ನಡೆಯುತ್ತವೆ.

ಚಾರಿತ್ರಿಕವಾಗಿ ಆಟ ಮೊದಲೋ ಕೂಟ ಮೊದಲೋ ಎಂಬುದು ವಿದ್ವಾಂಸರಲ್ಲಿ ಚರ್ಚಿತವಾದ ವಿಷಯ. ಕೂಟವೇ ಆಟದ ಪೂರ್ವರೂಪವೆಂಬ ವಾದವೂ ಇದೆ. ಕಾಲದ ಆದ್ಯತೆ ಯಾವುದಕ್ಕೇ ಸಲ್ಲಲಿ, ಇಂದಿನ ಪ್ರೇಕ್ಷಕನ ಅನುಭವದಲ್ಲಿ ಆಟವೇ ಪೂರ್ಣರೂಪ, ಕೂಟ ಅದರ ಒಂದು ಕವಲು. ವೇಷ, ಬಣ್ಣ, ಕುಣಿತ, ರಂಗಸ್ಥಳ ಇವೆಲ್ಲವನ್ನೂ ಕಳಚಿದರೂ ಪ್ರಸಂಗದ ಪದ್ಯಗಳು, ಭಾಗವತ, ಚೆಂಡೆ ಮದ್ದಳೆಗಳು ಹಾಗೆಯೇ ಉಳಿಯುತ್ತವೆ. ಎದುರುಬದುರು ಕುಳಿತ ಅರ್ಥಧಾರಿಗಳು ಪದ್ಯದ ಜಾಡು ಹಿಡಿದು ಆಶುವಾಗಿ ಅರ್ಥ ಹೇಳುತ್ತಾರೆ. ಆಟದಲ್ಲಿಯೂ ಅರ್ಥ ಆಶುವಾದದ್ದೇ. ಆದರೆ ಅಲ್ಲಿ ಮಾತು ಕುಣಿತಕ್ಕೂ ವೇಷದ ಕಟ್ಟಿಗೂ ಕಾಲಕ್ಕೂ ಅಧೀನ. ಕೂಟದಲ್ಲಿ ಮಾತೇ ರಂಗಸ್ಥಳ.

ವಾಲಿವಧೆಯ ಪ್ರಸಂಗವನ್ನು ತೆಗೆದುಕೊಳ್ಳೋಣ. ವಾಲಿ ಬಾಣ ತಿಂದು ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಹೊಡೆದ ರಾಮ ಎದುರು ಬಂದಿದ್ದಾನೆ. ಅಂತ್ಯ ಎಲ್ಲರಿಗೂ ಗೊತ್ತು: ವಾಲಿ ಸಾಯುತ್ತಾನೆ, ಅಂಗದನನ್ನು ಒಪ್ಪಿಸಿ ಸಾಯುತ್ತಾನೆ. ಪದ್ಯಗಳು ನಿಯತ, ಅವುಗಳ ಕ್ರಮ ನಿಯತ, ಯಾರು ಉಳಿಯುತ್ತಾರೆಂಬುದೂ ನಿಯತ. ಅನಿಯತವಾದುದು ಒಂದೇ: ಈ ರಾತ್ರಿಯ ವಾದದಲ್ಲಿ ನ್ಯಾಯ ಯಾರ ಕಡೆ ವಾಲುತ್ತದೆ? ಸಮರ್ಥ ವಾಲಿ ಕ್ಷಾತ್ರಧರ್ಮದ ಪ್ರಶ್ನೆಯನ್ನೆತ್ತಿದರೆ ರಾಮ ರಾಜಧರ್ಮದ ಉತ್ತರ ಹುಡುಕಬೇಕು. ವಾಲಿ ರಾಜಧರ್ಮವನ್ನೇ ಹಿಡಿದು ಪ್ರಶ್ನಿಸಿದರೆ ರಾಮನಿಗೆ ಬೇರೆ ದಾರಿ ಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯ ಅರ್ಥಕ್ಕೆ ಹೆಸರಾದವರು. ಅಂತಹವರ ಎದುರು ರಾಮನಾಗಿ ಕೂರುವುದೆಂದರೆ ಸಿದ್ಧ ಉತ್ತರಗಳ ಕಟ್ಟನ್ನು ಮನೆಯಲ್ಲಿಟ್ಟು ಬರುವುದೆಂದೇ ಅರ್ಥ. ಎದುರಾಳಿಯ ಮುಂದಿನ ನಡೆ ಗೊತ್ತಿಲ್ಲ. ಆದರೆ ಓಣಿಗಳ ನಿಯಮ ಇಬ್ಬರಿಗೂ ಒಂದೇ: ಪದ್ಯದ ಚೌಕಟ್ಟನ್ನು ಮೀರಬಾರದು, ಪಾತ್ರದ ಸ್ವಭಾವ ಕೆಡಬಾರದು, ಕಥೆ ತನ್ನ ಅಂತ್ಯಕ್ಕೆ ತಲುಪಲೇಬೇಕು.

ಈ ದೃಷ್ಟಿಯಿಂದ ನೋಡಿದರೆ ಕೂಟವು ಆಟದ ಬಡ ರೂಪವೆಂಬ ಸಾಮಾನ್ಯ ಅಭಿಪ್ರಾಯವನ್ನು ಒಪ್ಪಲಾಗುವುದಿಲ್ಲ. ಕಳಚಿದ್ದರಿಂದಲೇ ಅದು ಗಳಿಸಿದೆ. ಬಾಲ್ಯದಿಂದ ನೂರು ಸಲ ನೋಡಿದ ಕಥೆಯಲ್ಲಿ ರಾಮನು ಸರಿಯೆಂಬುದು ಪ್ರೇಕ್ಷಕನಿಗೆ ಬಾಯಿಪಾಠವಾಗಿರುತ್ತದೆ. ಕೂಟ ಅದನ್ನು ಮತ್ತೆ ಪ್ರಶ್ನೆಯಾಗಿಸುತ್ತದೆ. ಒಳ್ಳೆಯ ಕೂಟ ಮುಗಿದ ಮೇಲೆ ಮನೆಗೆ ನಡೆಯುವವರು ಚರ್ಚಿಸುವುದು ವಾಲಿ ಸತ್ತನೇ ಎಂದಲ್ಲ, ರಾಮ ಉತ್ತರಿಸಿದನೇ ಎಂದು.

೫. ಮೀರುವಿಕೆಯ ಬೆಲೆ

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಬೇಕು. ರತ್ನಾಕರ ಪಂಪನನ್ನು ಮೀರಿದನೆಂದು ಹೇಳುವುದು ಸಾಧ್ಯವೇ? ಒಟ್ಟಂದದಲ್ಲಿ ಹಾಗೆ ಹೇಳುವುದು ಈ ಲೇಖನದ ಉದ್ದೇಶವಲ್ಲ. ಮೂರು ಯುದ್ಧಗಳನ್ನು ತೆಗೆದಾಗ ರತ್ನಾಕರ ಒಂದು ದೊಡ್ಡ ಸಂಗತಿಯನ್ನು ಕಳೆದುಕೊಂಡಿದ್ದಾನೆ. ಗೆದ್ದ ಕ್ಷಣದಲ್ಲಿಯೇ ಗೆಲುವು ಹೇಸಿಗೆಯಾಗುವ ಆ ದುರಂತದ ತಿರುವು ಪಂಪನಲ್ಲಿ ಮಾತ್ರ ಸಾಧ್ಯ. ಅಣ್ಣನ ಒಳ್ಳೆಯ ಮಾತಿಗೆ ಕರಗಿ ತಪಸ್ಸಿಗೆ ಹೋಗುವ ಬಾಹುಬಲಿ, ಅಣ್ಣನನ್ನು ಎತ್ತಿ ಹಿಡಿದು ತನ್ನ ಬಲಕ್ಕೆ ತಾನೇ ಬೆಚ್ಚುವ ಬಾಹುಬಲಿಯಷ್ಟು ಎತ್ತರಕ್ಕೆ ಏರಲಾರ. ಅಂತೆಯೇ ಕೂಟ ಕಳೆದುಕೊಂಡ ಕುಣಿತ, ಬಣ್ಣಗಾರಿಕೆ, ರಂಗವೈಭವಗಳು ಸಣ್ಣ ನಷ್ಟಗಳಲ್ಲ. ಮಾತು ಅತಿಯಾದಾಗ ರಸ ಬತ್ತಿ ಕೂಟ ಬರಿಯ ತರ್ಕವಾಗುವ ಅಪಾಯವೂ ಇದೆ. ಮಿಸ್ ಪ್ಯಾಕ್-ಮ್ಯಾನ್ ಕೂಡ, ನಕ್ಷೆಯನ್ನು ಶ್ರದ್ಧೆಯಿಂದ ಕಲಿತು ಆಟವನ್ನು ಸಂಪೂರ್ಣ ಕರಗತ ಮಾಡಿಕೊಳ್ಳುವವನ ತೃಪ್ತಿಯನ್ನು ಕಸಿದುಕೊಂಡಿತು.

ಆದ್ದರಿಂದ ‘ಮೂಲಕ್ಕಿಂತ ಉತ್ತಮ’ ಎಂಬ ಮಾತನ್ನು ವಿಮರ್ಶೆಯಲ್ಲಿ ಬಳಸುವಾಗ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಕೇಳಬೇಕು. ಮೂಲದಲ್ಲಿ ಬಾಯಿಪಾಠವಾಗಿದ್ದ ಯಾವುದನ್ನು ಕವಲು ಮತ್ತೆ ತೆರೆಯಿತು? ಅದಕ್ಕಾಗಿ ಅದು ತೆತ್ತ ಬೆಲೆ ಏನು? ಮೊದಲನೆಯದಕ್ಕೆ ಉತ್ತರವಿಲ್ಲದ ಕೃತಿ ಪ್ರತಿಬಿಂಬ ಅಥವಾ ಆಲೇಖ್ಯವಾಗಿಯೇ ಉಳಿಯುತ್ತದೆ. ಎರಡನೆಯದನ್ನು ಕೇಳದ ವಿಮರ್ಶೆ ಪ್ರಶಂಸೆಯಾಗಿ ಉಳಿಯುತ್ತದೆ.

೬. ಸಂಶೋಧಕರ ಮುಂದಿರುವ ಕೆಲಸ

ಈ ಚರ್ಚೆಗೆ ಒಂದು ಪ್ರಾಯೋಗಿಕ ಮುಖವೂ ಇದೆ. ಧ್ವನಿಸುರುಳಿ ಮತ್ತು ಸಿ.ಡಿ.ಗಳ ಕಾಲ ದಾಟಿ, ಇಂದು ಪ್ರಸಿದ್ಧ ಅರ್ಥಧಾರಿಗಳ ಕೂಟಗಳು ಮೊಬೈಲಿನಲ್ಲಿ ಕೈಗೆಟಕುತ್ತಿವೆ. ಹಿರಿಯರ ಮಾತು ಉಳಿಯಿತೆಂಬುದು ಸಂತೋಷದ ಸಂಗತಿ. ಆದರೆ ಕಲಿಯುವವನು ಒಂದೇ ಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ ವಾಲಿಯ ಅರ್ಥವನ್ನು ಅಕ್ಷರಶಃ ಒಪ್ಪಿಸತೊಡಗಿದರೆ, ಕೂಟ ಯಾವುದನ್ನು ಕಳಚಿ ಹುಟ್ಟಿತೋ ಅಲ್ಲಿಗೇ ಮರಳುತ್ತದೆ. ನಕ್ಷೆಯ ಪುಸ್ತಕ ಮತ್ತೆ ಕೈಗೆ ಬಂದಂತಾಗುತ್ತದೆ. ಕವಲು ತಾನೇ ಕಾಂಡವಾಗಿ ಗಟ್ಟಿಯಾಗುವುದು ಎಲ್ಲ ಯಶಸ್ವೀ ಕವಲುಗಳಿಗೂ ಕಾದಿರುವ ಅಪಾಯ. ಭರತೇಶ ವೈಭವಕ್ಕೂ ಇದು ತಪ್ಪಿದ್ದಲ್ಲ. ‘ಭೋಗಯೋಗ ಸಮನ್ವಯ’ ಎಂಬ ಎರಡು ಪದಗಳ ಟಿಪ್ಪಣಿಯಾಗಿ ಅದನ್ನು ಪರೀಕ್ಷೆಗೆ ಉರುಹೊಡೆಯುವ ವಿದ್ಯಾರ್ಥಿ, ರತ್ನಾಕರ ತೆರೆದ ಪ್ರಶ್ನೆಯನ್ನು ಮತ್ತೆ ಮುಚ್ಚಿದ್ದಾನೆ.

ಇಲ್ಲಿ ಸಂಶೋಧಕರು ಬೆಳ್ತಂಗಡಿಯಲ್ಲೇ ನಡೆದ ಒಂದು ಕೆಲಸವನ್ನು ನೆನೆಯಬಹುದು. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ೧೯೯೦ರಲ್ಲಿ ಹೇಳಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ ದಾಖಲಿಸಿದರು. ೧೫,೬೮೩ ಸಾಲುಗಳ ಆ ಪಠ್ಯ ೧೯೯೮ರಲ್ಲಿ ಪ್ರಕಟವಾಯಿತು. ಹಾಡುಗಾರನ ಮನಸ್ಸಿನಲ್ಲಿರುವುದು ಅಚ್ಚಾದ ಪುಟದಂತಹ ನಿಯತ ಪಠ್ಯವಲ್ಲ, ಸಂದರ್ಭಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ‘ಮಾನಸಿಕ ಪಠ್ಯ’ ಎಂಬ ತಿಳಿವಳಿಕೆಯನ್ನು ಹಾಂಕೊ ಮುಂದಿಟ್ಟರು. ತಾಳಮದ್ದಳೆಯ ದಾಖಲೀಕರಣಕ್ಕೂ ಇದೇ ತತ್ತ್ವ ಅನ್ವಯಿಸಬೇಕು. ಒಬ್ಬ ಅರ್ಥಧಾರಿಯ ಅತ್ಯುತ್ತಮ ವಾಲಿಯೊಂದನ್ನು ಆರಿಸಿ ಮುದ್ರಿಸಿಡುವ ಬದಲು, ಅದೇ ಅರ್ಥಧಾರಿ ಬೇರೆ ಬೇರೆ ರಾಮರ ಎದುರು, ಬೇರೆ ಬೇರೆ ಊರುಗಳಲ್ಲಿ ಹೇಳಿದ ಹಲವು ವಾಲಿಗಳನ್ನು ಜೊತೆಯಾಗಿ ದಾಖಲಿಸುವುದು ಅಗತ್ಯ. ಯಾವ ಪದ್ಯದ ಬಳಿಕ ವಾದ ಕವಲೊಡೆಯಿತು, ಯಾವ ಪ್ರಶ್ನೆಗೆ ಯಾವ ಉತ್ತರ ಹುಟ್ಟಿತು ಎಂಬ ತೌಲನಿಕ ಕೋಷ್ಟಕ ಸಿದ್ಧವಾದರೆ, ಕಲಿಯುವವನಿಗೆ ಅದು ಒಪ್ಪಿಸುವ ಪಾಠವಾಗದೆ ಯೋಚಿಸುವ ದಾರಿಯಾಗುತ್ತದೆ.

ತರಗತಿಯಲ್ಲಿಯೂ ಹೀಗೆಯೇ. ಆದಿಪುರಾಣದ ಭರತ ಬಾಹುಬಲಿ ಪ್ರಸಂಗವನ್ನೂ ಭರತೇಶ ವೈಭವದ ಅದೇ ಸಂಧಿಯನ್ನೂ ಒಂದೇ ವಾರದಲ್ಲಿ ಅಕ್ಕಪಕ್ಕ ಇಟ್ಟು ಓದಿಸಿ, ‘ಇಲ್ಲಿ ಏನು ತೆರೆಯಿತು, ಏನು ಕಳೆಯಿತು’ ಎಂದು ಕೇಳಿದರೆ ಸಾಕು. ಪಂಪ ಬರೆದ ಮೇಲೆ ಮತ್ತೆ ಇದೇಕೆ ಎಂದು ಕೇಳಿದ ವಿದ್ಯಾರ್ಥಿಗೆ ಉತ್ತರ ಅವನ ಓದಿನಲ್ಲಿಯೇ ದೊರೆಯುತ್ತದೆ. ವೇಣೂರಿನ ಬೆಟ್ಟದಂತಹ ಬಾಹುಬಲಿಯನ್ನು ಚಿಕ್ಕಂದಿನಿಂದ ಕಂಡು ಬೆಳೆದ ಆ ಹುಡುಗನಿಗೆ, ಮೂರ್ತಿಯಿಲ್ಲದ ಅಣ್ಣನ ಬಗೆಗೂ ಯೋಚಿಸಲು ಒಂದು ಕಾರಣ ಸಿಕ್ಕಂತಾಗುತ್ತದೆ.